ನಾನು ಪಡಿಹಾರನಾದದ್ದು

ಜೂನ್ 2, ಸೋಮವಾರ

ದೊಡ್ಡ ಮನುಷ್ಯರು ದಿನಚರಿ ಬರೆಯುತ್ತಾರೆ ಎಂದು ಕೇಳಿದ್ದೇನೆ. ನಿನ್ನೆಯವರೆಗೆ ನನಗೆ ಅದರ ಅಗತ್ಯ ಬಿದ್ದಿರಲಿಲ್ಲ. ಇವತ್ತು ಬಿದ್ದಿದೆ. ಇವತ್ತಿನಿಂದ ನಾನು ಪಡಿಹಾರ.

ಹಾಗೆಂದರೇನು ಎಂದು ಸರಿಯಾಗಿ ಗೊತ್ತಿಲ್ಲ. ಕೇಳುವುದಕ್ಕೆ ನಾಚಿಕೆಯಾಯಿತು.

ನಮ್ಮ ಹೋಟೆಲು ಹಿಂದೆ ನಿಜವಾದ ಅರಮನೆಯಾಗಿತ್ತು. ಅದರ ಸ್ವಾಗತದ ಕೌಂಟರಿನ ಹಿಂದೆ ಕುಳಿತೇ ನಾನು ಕೂದಲು ಹಣ್ಣು ಮಾಡಿಕೊಂಡವನು. ಬಂದವರ ಹೆಸರು ಬರೆದುಕೊಳ್ಳುವುದು, ಬೀಗದ ಕೈ ಕೊಡುವುದು, ಬಿಸಿನೀರು ಬರುತ್ತಿಲ್ಲ ಎಂದವರಿಗೆ ಈಗ ಬರುತ್ತದೆ ಎನ್ನುವುದು, ಇಷ್ಟು ನನ್ನ ವಿದ್ಯೆ. ಹೋದ ತಿಂಗಳು ಹೊಸ ಕಂಪನಿಯೊಂದು ಹೋಟೆಲನ್ನು ಕೊಂಡಿತು. ಶನಿವಾರ ನನ್ನ ಕೌಂಟರನ್ನು ಎತ್ತಿ ಒಯ್ದರು. ಆ ಜಾಗದಲ್ಲಿ ಗಾಜಿನ ಮುಖದ ಎರಡು ಯಂತ್ರಗಳು ಬಂದು ನಿಂತಿವೆ. ಬಂದವರು ಅವುಗಳ ಮುಖಕ್ಕೆ ತಿವಿದರೆ ಕೋಣೆಯ ಕಾರ್ಡು ಉಗುಳುತ್ತವೆ. ಬಿಸಿನೀರಿನ ಬಗ್ಗೆ ಸುಳ್ಳು ಹೇಳುವುದು ಮಾತ್ರ ಅವಕ್ಕೆ ಇನ್ನೂ ಬರುವುದಿಲ್ಲ.

ಬೆಳಿಗ್ಗೆ ಹೊಸ ಮ್ಯಾನೇಜರಮ್ಮ ಕರೆಸಿದರು. ನನ್ನ ಅರ್ಧ ವಯಸ್ಸು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಇವತ್ತು ಮನೆಗೆ ಕಳಿಸುತ್ತಾರೆಂದು ಊಟದ ಡಬ್ಬಿಯನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ.

"ಕೂತ್ಕೊಳ್ಳಿ ಸರ್. ಇನ್ಮೇಲೆ ಇಲ್ಲಿ ಎಲ್ಲರಿಗೂ ಅರಮನೆ ಪದವಿಗಳು. ಲೆಕ್ಕ ನೋಡೋರು ಭಂಡಾರಿ, ಅಡುಗೆಯವರು ಬಾಣಸಿಗ. ನೀವು ಪಡಿಹಾರ."

"ಪಡಿಹಾರ?"

"ರಾಜನ ಮನೆವಾರ್ತೆಯಲ್ಲಿ ತುಂಬ ದೊಡ್ಡ ಅಧಿಕಾರಿಯಂತೆ. ನಮ್ಮ ಜಾಹೀರಾತಿನೋರು ಹುಡುಕಿ ತೆಗೆದಿದ್ದು. ಸಂಬಳ ಅಷ್ಟೇ ಇರುತ್ತೆ."

"ನಾನೂ ಅದನ್ನೇ ನಿರೀಕ್ಷಿಸಿದ್ದೆ" ಎಂದೆ, ಗಾಂಭೀರ್ಯದಿಂದ. ಸಂಬಳವನ್ನೋ ಪದವಿಯನ್ನೋ ಎಂದು ಅವರು ಕೇಳಲಿಲ್ಲ.

ಮನೆಗೆ ಬಂದವನೇ ಷಡ್ಡಕನಿಗೆ ಫೋನ್ ಮಾಡಿದೆ. ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ನೀರು ಸರಬರಾಜು ಇಲಾಖೆಯ ದೊಡ್ಡ ಎಂಜಿನಿಯರ್. ಅವನು ತನ್ನ ಹುದ್ದೆಯನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಕಾಫಿ ಆರಿರುತ್ತದೆ.

"ಏನಯ್ಯಾ ಅಲ್ಪಪ್ರಾಣ, ಕೆಲಸ ಹೋಯ್ತಾ?" ಎಂದ, ಹಲೋ ಎನ್ನುವುದಕ್ಕೂ ಮೊದಲು.

"ಬಡ್ತಿಯಾಯ್ತು. ಪಡಿಹಾರ. ರಾಜ ಬಿಟ್ರೆ ಅವನೇ ಅಂತೆ."

"ಪಡಿಹಾರ ಅಂದ್ರೇನು?"

"ಹಾರ ಅಂತ ಇದೆಯಲ್ಲ, ಅಲ್ಲೇ ಗೊತ್ತಾಗಲ್ವಾ?" ಎಂದೆ. ಹೊತ್ತಿಗೆ ಸರಿಯಾಗಿ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇಡೀ ಮನೆಗೆ ಕೇಳುವ ಹಾಗೆ ಮಾತಾಡಿದೆ. ಮನೆಯೆಂದರೆ ಹೆಂಡತಿ ಮತ್ತು ಒಳಕೋಣೆಯ ಅತ್ತೆಯವರು.

ಅಲ್ಪಪ್ರಾಣ ಎಂಬ ಅಡ್ಡಹೆಸರು ಬಂದದ್ದು ಆ ಅತ್ತೆಯವರ ಕೃಪೆಯಿಂದ. ಎರಡು ವರ್ಷದ ಹಿಂದೆ ಹೋಟೆಲಿನಲ್ಲಿ ನನಗೆ ದೀರ್ಘಸೇವೆಯ ಸನ್ಮಾನವಾಯಿತು. ನಾನು ಮೈಕಿನ ಮುಂದೆ ನಿಂತು ಎಲ್ಲರಿಗೂ "ಹಾರ್ಧಿಕ ಸ್ವಾಗತ" ಕೋರಿದೆ. ಮುಂದಿನ ಸಾಲಿನಲ್ಲಿದ್ದ ಅತ್ತೆಯವರು, ಆಯುಷ್ಯವಿಡೀ ಹೈಸ್ಕೂಲಿನಲ್ಲಿ ಭಾಷೆ ಕಲಿಸಿದವರು, ಕೂತಲ್ಲಿಂದಲೇ "ಹಾರ್ದಿಕ! ಅಲ್ಪಪ್ರಾಣ ಸಾಕು!" ಎಂದರು. ಸಭೆಯೇ ನಕ್ಕಿತು. ಅಂದಿನಿಂದ ನಾನು ಅವರೊಡನೆ ನೇರವಾಗಿ ಮಾತಾಡಿಲ್ಲ. ಏನಿದ್ದರೂ ಹೆಂಡತಿಯ ಮೂಲಕ. ಷಡ್ಡಕ ತನ್ನ ಮನೆಯ ಕೆಳಗಡೆ ಅವರಿಗಾಗಿ ಒಂದು ಕೋಣೆ ಕಟ್ಟಿಸುತ್ತಿದ್ದಾನೆ. ಅದು ಮುಗಿದ ಕೂಡಲೇ ಅವರು ಅಲ್ಲಿಗೆ ಹೋಗುತ್ತಾರೆ. ಆ ಕೋಣೆಯ ಟೈಲ್ಸ್ ಎಲ್ಲಿಗೆ ಬಂತೆಂದು ಷಡ್ಡಕನಿಗಿಂತ ಹೆಚ್ಚಾಗಿ ವಿಚಾರಿಸಿಕೊಳ್ಳುವವನು ನಾನು.

ಜೂನ್ 4, ಬುಧವಾರ

ಸಮವಸ್ತ್ರ ಬಂತು. ಚಿನ್ನದ ಬಣ್ಣದ ಗುಂಡಿಗಳ ಉದ್ದ ಕೋಟು, ಗರಿ ಸಿಕ್ಕಿಸಿದ ಎತ್ತರದ ಟೋಪಿ, ಬೆಳ್ಳಿ ಬಳಿದ ದಂಡ. ಕನ್ನಡಿಯಲ್ಲಿ ನೋಡಿಕೊಂಡೆ. ರಾಜನ ಹಾಗಿಲ್ಲದಿದ್ದರೂ ರಾಜನಿಗೆ ಸಾಲ ಕೊಟ್ಟವನ ಹಾಗಿದ್ದೆ.

ಮ್ಯಾನೇಜರಮ್ಮ ಮುಂಬಾಗಿಲ ಬಳಿ ನಿಲ್ಲಿಸಿ ಹೋದರು. ಫೋಟೋ ತೆಗೆಯಲಿಕ್ಕೆ ಎಂದುಕೊಂಡೆ. ಫೋಟೋದವರು ಬರಲಿಲ್ಲ. ಅತಿಥಿಗಳು ಬಂದರು. ಬಾಗಿಲು ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ಮಧ್ಯಾಹ್ನ ಕಳೆದ ಮೇಲೆ ವಿಷಯ ತಲೆಗೆ ಹತ್ತಿತು.

ಕೋಟನ್ನು ಹೋಟೆಲಿನಲ್ಲೇ ಕಳಚಿಟ್ಟು ಮನೆಗೆ ಬಂದೆ. ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿದ್ದಾಗ ಹೆಂಡತಿ ಕೇಳಿದಳು: "ಏನ್ರೀ ಇದು?"

"ಪದವಿ ದೊಡ್ಡದು. ಓಡಾಟ ಜಾಸ್ತಿ."

ಅವಳು ಆಸ್ಪತ್ರೆಯಲ್ಲಿ ನರ್ಸು. ಓಡಾಡಿದ ಕಾಲಿಗೂ ನಿಂತ ಕಾಲಿಗೂ ವ್ಯತ್ಯಾಸ ಅವಳಿಗೆ ತಿಳಿಯುತ್ತದೋ ಏನೋ. ಇನ್ನೊಂದು ತಂಬಿಗೆ ಬಿಸಿನೀರು ಸುರಿದು ಹೋದಳು.

ಜೂನ್ 5, ಗುರುವಾರ

ಪಡಿಹಾರ ಎಂಬುದಕ್ಕೆ ಬಾಗಿಲಿಗಿಂತ ದೊಡ್ಡ ಅರ್ಥ ಇದ್ದೇ ಇರಬೇಕು. ಕಂಪನಿಯವರಿಗೆ ಗೊತ್ತಿಲ್ಲದೆ ನನ್ನನ್ನು ತಪ್ಪು ಜಾಗದಲ್ಲಿ ನಿಲ್ಲಿಸಿರಬಹುದು. ಅರ್ಥ ಹುಡುಕಿ ತೋರಿಸಿದರೆ ಒಳಗೆ ಒಂದು ಕುರ್ಚಿಯಾದರೂ ಸಿಕ್ಕೀತು.

ಈ ಮನೆಯಲ್ಲಿ ನಿಘಂಟು ಇರುವುದು ಒಂದೇ ಕಡೆ, ಅತ್ತೆಯವರ ಕೋಣೆಯಲ್ಲಿ. ಅವರು ನಿದ್ದೆ ಮಾಡುತ್ತಿದ್ದಾರೆಂದು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದೆ.

"ಏನು ಹುಡುಕ್ತಿದೀರಿ ಅಳಿಯಂದ್ರೆ?"

ಎರಡು ವರ್ಷದ ಮೇಲೆ ನೇರವಾಗಿ ಬಂದ ಮೊದಲ ಮಾತು. "ಉಗುರು ಕತ್ತರಿ" ಎಂದೆ.

"ನಿಘಂಟು ಕಿಟಕಿ ಪಕ್ಕದ ಕಪಾಟಲ್ಲಿದೆ. 'ಪ' ಮೊದಲನೇ ಸಂಪುಟದಲ್ಲೇ ಬರುತ್ತೆ."

ಕೈ ಅಲ್ಲೇ ನಿಂತಿತು.

"ಫೋನಲ್ಲಿ ಹೇಳ್ತಿದ್ರಲ್ಲ, ಕೇಳಿಸ್ತು. ಆಗಲೇ ಹೇಳೋಣ ಅಂದ್ಕೊಂಡೆ. ಹಿಂದೆ ಒಂದ್ಸಲ ತಿದ್ದಿ ನಿಮ್ಮ ಮಾತೇ ಕಳ್ಕೊಂಡೆ. ಅದಕ್ಕೆ ಸುಮ್ಮನಾದೆ."

ಸಂಪುಟ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು, ತೆರೆಯಲಿಲ್ಲ. "ನೀವೇ ಓದಿ. ನನಗೀಗ ಅಕ್ಷರ ಎಲ್ಲಾ ಇರುವೆ ಸಾಲು." ಕಣ್ಣು ಅಷ್ಟು ಮಂದವಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದೇವೆ.

ಓದಿದೆ. ಮೊದಲಿಗೆ 'ಪಡಿ' ಸಿಕ್ಕಿತು. ಹಳೆಗನ್ನಡದಲ್ಲಿ ಬಾಗಿಲ ಕದ ಎಂದಿತ್ತು. ನನ್ನ ಮುಖ ಹುಳ್ಳಗಾದದ್ದು ಕಣ್ಣಿಲ್ಲದವರಿಗೂ ಕಂಡಿರಬೇಕು.

"ಗಾಬರಿಯಾಗ್ಬೇಡಿ. ಈ ಪಡಿ ಅದಲ್ಲ. ಸಂಸ್ಕೃತದ ಪ್ರತಿಹಾರ ಅನ್ನೋದು ಪ್ರಾಕೃತದಲ್ಲಿ ಪಡಿಹಾರ ಆಗಿ ನಮ್ಮಲ್ಲಿಗೆ ಬಂತು."

"ಹಾಗಾದ್ರೆ ಬಾಗಿಲಿಗೂ ಇದಕ್ಕೂ ಸಂಬಂಧ ಇಲ್ಲ!"

"ಪ್ರತಿಹಾರ ಅಂದ್ರೂ ಬಾಗಿಲೇ. ಬಾಗಿಲು ಕಾಯೋನು ಅಂತಲೂ."

ಒಂದು ಬಾಗಿಲಿನಿಂದ ತಪ್ಪಿಸಿಕೊಂಡು ಓಡಿದರೆ ಎದುರಿಗೆ ಇನ್ನೊಂದು ಬಾಗಿಲು. 'ಹಾರ'ವಾದರೂ ಉಳಿಯಲಿ ಎಂದು ಕೇಳಿದೆ. ಅದು ಕೊರಳಿಗೆ ಹಾಕುವ ಹಾರವಲ್ಲವಂತೆ, ಒಯ್ಯುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದಂತೆ.

"ಯಾರಿಗೆ ಕೊಟ್ಟಿದಾರೆ ಈ ಕೆಲಸ?" ಎಂದು ಅವರು ಕೇಳಿದರು, ಗೊತ್ತಿದ್ದೂ.

"ನನ್ನ ಸ್ನೇಹಿತನೊಬ್ಬನಿಗೆ."

"ನಾನು ಮನೇಲಿ ಯಾರಿಗೂ ಹೇಳಲ್ಲ ಅಂತ ಹೇಳಿ ನಿಮ್ಮ ಸ್ನೇಹಿತರಿಗೆ" ಎಂದರು ಅತ್ತೆಯವರು. "ನಾಳೆ ಬನ್ನಿ. ಅರ್ಥ ಇಷ್ಟಕ್ಕೇ ಮುಗಿಯಲ್ಲ."

ಜೂನ್ 8, ಭಾನುವಾರ

ನಾನು ಅತ್ತೆಯವರನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದೇನೆ. ದಿನಾ ಸಂಜೆ ಹೋಗಿ ಅವರು ಹೇಳಿದ ಪುಸ್ತಕ ತೆಗೆದು ಓದುತ್ತೇನೆ. ಅವರು ಅರ್ಥ ಹೇಳುತ್ತಾರೆ. ಪುಟಕ್ಕಿಷ್ಟೆಂದು ನನ್ನ ಉಚ್ಚಾರಣೆಯನ್ನೂ ತಿದ್ದುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಸಹಿಸಿಕೊಳ್ಳುತ್ತೇನೆ.

ಇವತ್ತು ನನ್ನ ಬೆಲೆ ಏರಿತು. ಹಳೆಯ ಶಾಸನಗಳಲ್ಲಿ 'ಮಹಾಪ್ರತಿಹಾರ' ಎಂಬ ದೊಡ್ಡ ಅಧಿಕಾರಿ ಬರುತ್ತಾನೆ. ಬಾಗಿಲಿನಲ್ಲಿ ಶುರುವಾದ ಕೆಲಸ ಅರಮನೆಯೊಳಗೆಲ್ಲ ಹಬ್ಬಿಕೊಂಡದ್ದು. ರಾಜನನ್ನು ಕಾಣಬೇಕೆಂದರೆ ಇವನನ್ನು ದಾಟಿಯೇ ಹೋಗಬೇಕು. ಎಂಥ ಮಂತ್ರಿಯಾದರೂ ಇವನ ಮುಂದೆ ಹಲ್ಲು ಗಿಂಜಬೇಕು.

ಕೇಳಿದ್ದೇ ತಡ, ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ.

"ಮುಂದಕ್ಕೆ ಓದಿ" ಎಂದರು. ಓದಿದೆ. ಹಳೆಯ ನಾಟಕಗಳಲ್ಲಿ ರಾಜನ ಬಾಗಿಲು ಕಾಯುವವಳು ಹೆಂಗಸು, ಪ್ರತಿಹಾರಿ ಎಂದು ಹೆಸರು. ಬಂದವರ ಸುದ್ದಿಯನ್ನು ಒಳಗೆ ಮುಟ್ಟಿಸಿ ಹೋಗುವುದಷ್ಟೇ ಅವಳ ಪಾತ್ರ. ಒಂದು ಸಾಲಿನ ಮಾತು, ಮತ್ತೆ ಕಾಣಿಸುವುದಿಲ್ಲ.

ಬೆಲೆ ಇಳಿಯಿತು. ಅತ್ತೆಯವರು ಬಾಯಿಗೆ ಸೆರಗಿಟ್ಟು ನಕ್ಕರು. ನನಗೂ ನಗು ಬಂತು, ಯಾಕೋ.

ಜೂನ್ 11, ಬುಧವಾರ

ನಿಂತೆ. ತೆರೆದೆ. ಮುಚ್ಚಿದೆ. ಟೋಪಿಯ ಗರಿ ಮೂಗಿಗೆ ತಾಕಿ ಒಂದು ವಿದೇಶಿ ದಂಪತಿಯ ಮುಖಕ್ಕೆ ಸೀನಿದೆ. ಅದೂ ಅರಮನೆಯ ಪದ್ಧತಿಯೆಂದು ತಿಳಿದು ಅವರು ತಲೆ ಬಾಗಿಸಿದರು.

ಜೂನ್ 16, ಸೋಮವಾರ

ಬಾಗಿಲಲ್ಲಿ ನಿಂತರೆ ಕೌಂಟರಿನ ಹಿಂದಿನಿಂದ ಕಾಣದ್ದು ಕಾಣುತ್ತದೆ. ಕೌಂಟರಿಗೆ ಬರುವಷ್ಟರಲ್ಲಿ ಜನ ಮುಖ ಸರಿ ಮಾಡಿಕೊಂಡಿರುತ್ತಾರೆ. ಕಾರಿನಿಂದ ಇಳಿಯುವಾಗ ಹಾಗಿರುವುದಿಲ್ಲ. ಜಗಳದ ಕೊನೆಯ ಮಾತನ್ನು ಕಾರಿನಲ್ಲೇ ಮುಗಿಸಿ ಇಳಿಯುವವರು, ಇಳಿದ ಮೇಲೂ ಮುಗಿಸಲಾರದವರು, ಇಂಥ ದೊಡ್ಡ ಬಾಗಿಲಿನೊಳಗೆ ತಾವು ಹೋಗಬಹುದೇ ಎಂದು ಮೆಟ್ಟಿಲ ಕೆಳಗೇ ನಿಲ್ಲುವವರು.

ಇವತ್ತು ಅಂಥ ಒಬ್ಬ ಮುದುಕಿ ಬಂದಿದ್ದರು. ಮಗ ದುಡ್ಡು ಕಟ್ಟಿ ಕೋಣೆ ಹಿಡಿದುಕೊಟ್ಟಿದ್ದಾನೆ, ಅವರ ಹತ್ತಿರ ಬರಿ ಒಂದು ಚೀಟಿ ಇದೆ. ಯಂತ್ರಕ್ಕೆ ಚೀಟಿ ತೋರಿಸಿದರು. ಅದು ಬೇರೇನೋ ಕೇಳಿತು. ಮತ್ತೆ ತೋರಿಸಿದರು, ದೇವರ ಮುಂದೆ ಹಿಡಿದ ಹಾಗೆ. ನೋಡಲಾರದೆ ದಂಡವನ್ನು ಗೋಡೆಗೆ ಒರಗಿಸಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚೀಟಿ ತೆಗೆದುಕೊಂಡು ಒಳಗೆ ಭಂಡಾರಿಯ ಹತ್ತಿರ ಹೋಗಿ, ಕೋಣೆಯ ಕಾರ್ಡು ತಂದುಕೊಟ್ಟೆ.

ಮ್ಯಾನೇಜರಮ್ಮ ನೋಡಿದರು. "ಸರ್, ಅದು ನಿಮ್ಮ ಕೆಲಸ ಅಲ್ಲ."

"ಅದೇ ನನ್ನ ಕೆಲಸವಂತೆ. ಹೊರಗಿನ ಮಾತು ಒಳಗೆ ಒಯ್ದು, ಒಳಗಿನದ್ದು ಮರಳಿ ತಂದು ಹೇಳೋನು. ಪ್ರತಿ ಅಂದ್ರೆ ಮರಳಿ, ಹಾರ ಅಂದ್ರೆ ಒಯ್ಯೋದು. ತಡೆಯೋನು ಅಂತಲೂ ಹೇಳ್ತಾರೆ. ನಮ್ಮ ಅತ್ತೆಗೆ ಮೊದಲನೇ ಅರ್ಥ ಇಷ್ಟ."

ಅವರು ಬರೆದುಕೊಂಡು ಹೋದರು. ಅತಿಥಿಗಳಿಗೆ ಹೇಳಲಿಕ್ಕೆ ಚೆನ್ನಾಗಿದೆಯಂತೆ. ಚೀಟಿಯ ಮುದುಕಿ ಹೋಗುವಾಗ ನನ್ನನ್ನು ದೊರೆ ಎಂದರು. ಟೋಪಿಯ ಪ್ರಭಾವ.

ಜೂನ್ 21, ಶನಿವಾರ

ಸರ್ವನಾಶ.

ಷಡ್ಡಕನ ಫೋನು. ಜುಲೈ ಮೊದಲ ವಾರದಲ್ಲಿ ಅವನ ನಿವೃತ್ತಿ. ಔತಣ ಎಲ್ಲಿ? "ನಿನ್ನ ಅರಮನೇಲೇ ಕಣಯ್ಯಾ! ಹಾಲ್ ಬುಕ್ ಮಾಡಿದೀನಿ. ಪಡಿಹಾರರ ಸಂಬಂಧಿ ಅಂತ ಹೇಳಿದ್ದಕ್ಕೆ ಸ್ವಲ್ಪ ರಿಯಾಯಿತಿನೂ ಕೊಟ್ರು. ನೀನೇ ನಿಂತು ನೋಡ್ಕೋಬೇಕು."

ನಿಂತೇ ನೋಡಿಕೊಳ್ಳುತ್ತೇನೆ. ಅದರಲ್ಲಿ ಅನುಮಾನವಿಲ್ಲ.

ಓಡಿಹೋಗಿ ಅತ್ತೆಯ ಮುಂದೆ ಕುಳಿತೆ. "ಒಂದೇ ದಿನಕ್ಕೆ ಬಂದು ಹೋಗೋ ಕಾಯಿಲೆ ಯಾವುದು ಅತ್ತೆ?"

"ಸಂಕೋಚ" ಎಂದರು.

ಜೂನ್ 27, ಶುಕ್ರವಾರ

ರಜೆ ಕೇಳಿದೆ, ಸಿಗಲಿಲ್ಲ. ಸೊಂಟ ಹಿಡಿದಿದೆ ಎಂದೆ. ದಂಡ ಊರಿಕೊಂಡು ನಿಲ್ಲಿ ಎಂದರು. ಮೇಲಾಗಿ ಅವತ್ತು ಮುಖ್ಯ ಅತಿಥಿ ಹಾಲಿಗೆ ಬರುವಾಗ ಪಡಿಹಾರನೇ ಅವರ ಹೆಸರು, ಹುದ್ದೆಗಳನ್ನು ಗಟ್ಟಿಯಾಗಿ ಸಾರಬೇಕಂತೆ. ಮ್ಯಾನೇಜರಮ್ಮನಿಗೆ ಆ ಐಡಿಯಾ ಕೊಟ್ಟದ್ದು ಯಾರು ಎಂದು ಬರೆಯುವುದಕ್ಕೆ ನನಗೆ ಇಷ್ಟವಿಲ್ಲ. ಪ್ರತಿಹಾರಿ ಬಂದವರನ್ನು ಸಾರುತ್ತಾಳೆಂದು ಹೋದ ವಾರ ಅವರ ಮುಂದೆ ಪಾಂಡಿತ್ಯ ತೋರಿಸಿದ್ದು ನಾನೇ.

ನನ್ನ ಬೆಲೆ ಏರಿಸುವ ಇನ್ನೊಂದು ಸಂಗತಿ ಅತ್ತೆಗೆ ನೆನಪಾಯಿತು. ಪ್ರತಿಹಾರ ಎಂದೇ ಹೆಸರಿಟ್ಟುಕೊಂಡ ಒಂದು ರಾಜವಂಶವಿತ್ತಂತೆ. ನಮ್ಮ ಮೂಲಪುರುಷ ಅಣ್ಣನ ಬಾಗಿಲು ಕಾದವನು ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. "ಸಿಂಹಾಸನದ ಮೇಲೆ ಕೂತೋರು ಹೇಳ್ಕೋಬಹುದು ಅತ್ತೆ, ಬಾಗಿಲಲ್ಲೇ ನಿಂತೋನು ಹೇಳ್ಕೊಂಡ್ರೆ ಯಾರು ಕೇಳ್ತಾರೆ?" ಎಂದೆ.

"ನಿಮ್ಮ ಹೆಂಡತಿಗೆ ಹೇಳಿ ನೋಡಿ."

"ಹೇಳ್ತೀನಿ."

ಹೇಳಲಿಲ್ಲ. ಅವಳು ಇವತ್ತು ಎರಡು ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಲ್ಲೇ ತೂಕಡಿಸಿದಳು. ತಟ್ಟೆ ಎತ್ತಿಟ್ಟೆ.

ಜುಲೈ 5, ಶನಿವಾರ

ರಾತ್ರಿ ಬಹಳವಾಗಿದೆ. ಆದರೂ ಇವತ್ತಿನದ್ದನ್ನು ಇವತ್ತೇ ಬರೆಯಬೇಕು.

ಷಡ್ಡಕನ ಕಾರು ಎಲ್ಲರಿಗಿಂತ ಮೊದಲು ಬಂತು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದೆ. ಅವನು ಇಳಿದ, ಹೊಸ ಸೂಟು, ಕೈಯಲ್ಲಿ ಭಾಷಣದ ಕಾಗದ. ಕಾರಿನ ಕೀ ನನ್ನ ಅಂಗೈಗೆ ಹಾಕಿ, "ನೆರಳಲ್ಲಿ ಹಾಕ್ಸಪ್ಪ" ಎಂದು ಒಳಗೆ ಹೋದ. ಮುಖ ನೋಡಲಿಲ್ಲ. ಅವನ ಹೆಂಡತಿಯೂ ಸೀರೆಯ ನೆರಿಗೆ ನೋಡುತ್ತ ಹೋದಳು.

ಬದುಕಿದೆ ಎಂದುಕೊಂಡೆ. ಆ ನೆಮ್ಮದಿ ತುಂಬಾ ಹೊತ್ತು ಉಳಿಯಲಿಲ್ಲ. ಕಾರಿನ ಕೀ ಹಿಡಿದುಕೊಂಡು ನಿಂತವನಿಗೆ ಸಿಟ್ಟು ಬಂತು. ಗುರುತು ಸಿಗಬಾರದೆಂದು ಬೇಡಿಕೊಂಡವನು ನಾನು, ಗುರುತು ಸಿಗಲಿಲ್ಲವೆಂದು ಕುದಿಯುತ್ತಿದ್ದವನೂ ನಾನೇ.

ಆಮೇಲೆ ಟ್ಯಾಕ್ಸಿಯಲ್ಲಿ ಹೆಂಡತಿ ಮತ್ತು ಅತ್ತೆ. ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತ ಬಂದ ಹೆಂಡತಿ ತಲೆಯೆತ್ತಿದಳು. ಗರಿಯಿಂದ ಹಿಡಿದು ಶೂವರೆಗೆ ನೋಡಿದಳು. ಶೂ ಹತ್ತಿರ ಅವಳ ಕಣ್ಣು ನಿಂತಿತು. ನಾನು ಮಹಾಪ್ರತಿಹಾರ, ರಾಜವಂಶ, ಧಾತು ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು:

"ಬೆಳಿಗ್ಗೆಯಿಂದ ಹೀಗೇ ನಿಂತಿದೀರಾ?"

"ಹೂಂ."

"ಈ ಶೂ ಹಾಕ್ಕೊಂಡು?"

"ಹೂಂ."

"ಹಿಮ್ಮಡಿಗೆ ಮೆತ್ತಗಿನ ಪಟ್ಟಿ ಇಟ್ಕೋಬೇಕು ರೀ. ಮೊದಲೇ ಹೇಳಿದ್ರೆ ತಂದ್ಕೊಡ್ತಿದ್ದೆ. ನೀರು ಕುಡಿದ್ರಾ?"

ತನ್ನ ಚೀಲದ ಬಾಟಲಿ ಕೊಟ್ಟಳು. ಕುಡಿದೆ. ಅವಳು ಗರಿಯನ್ನು ನೇರ ಮಾಡಿ, ಅಮ್ಮನನ್ನು ಕರೆದುಕೊಂಡು ಒಳಗೆ ಹೋದಳು. ಒಂದು ತಿಂಗಳಿಂದ ಹೆದರುತ್ತಿದ್ದದ್ದು ಇಷ್ಟೇನಾ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು.

ಎಲ್ಲರೂ ಕುಳಿತ ಮೇಲೆ, ಷಡ್ಡಕ ಹಾಲಿಗೆ ಕಾಲಿಡುವಾಗ ಸಾರುವ ಕೆಲಸ. ಹಾಲಿನ ಬಾಗಿಲಲ್ಲಿ ನಿಂತು ದಂಡವನ್ನು ನೆಲಕ್ಕೆ ಕುಟ್ಟಿದೆ. ಮ್ಯಾನೇಜರಮ್ಮ ಕೊಟ್ಟ ಚೀಟಿ ನೋಡುವ ಅಗತ್ಯವೇ ಬೀಳಲಿಲ್ಲ. ಷಡ್ಡಕನ ಹುದ್ದೆ ನನಗೆ ಬಾಯಿಪಾಠ. ಹೆಚ್ಚುವರಿಯಿಂದ ಹಿಡಿದು ವಿಶೇಷ ಕರ್ತವ್ಯದವರೆಗೆ ಒಂದೂ ಬಿಡದೆ, ಉಸಿರು ಕಟ್ಟಿಕೊಂಡು ಹೇಳಿದೆ. ಅರ್ಧದಲ್ಲಿ ಅವನು ಗಕ್ಕನೆ ತಿರುಗಿದ. ಧ್ವನಿ ಗುರುತಾಯಿತು. ಆ ಮುಖ ನೋಡಿದ ಗಾಬರಿಯಲ್ಲಿ ಕೊನೆಗೆ ನನ್ನ ಬಾಯಿಂದ ಬಂದದ್ದು "ಹಾರ್ಧಿಕ ಸ್ವಾಗತ!"

ಎಲ್ಲ ಹೋಯಿತು ಎಂದು ಕಣ್ಣು ಮುಚ್ಚಿದೆ. ಮೊದಲ ಸಾಲಿನಿಂದ ಒಂಟಿ ಚಪ್ಪಾಳೆ ಕೇಳಿಸಿತು. ಅತ್ತೆ. ಗಟ್ಟಿಯಾಗಿ ತಟ್ಟುತ್ತಿದ್ದರು. ಉಳಿದವರೂ ತಟ್ಟಿದರು.

ಭಾಷಣ, ಊಟ ನಡೆಯುತ್ತಿದ್ದಾಗ ನಾನು ಮುಂಬಾಗಿಲಿಗೆ ವಾಪಸಾಗಿದ್ದೆ. ಷಡ್ಡಕ ಒಬ್ಬನೇ ಹೊರಗೆ ಬಂದ. ಕೊರಳಲ್ಲಿ ಹಾರ ಹಾಗೇ ಇತ್ತು.

"ಕೀ ಇಸ್ಕೊಂಡಿದ್ದು ನೀನೇನಾ?"

"ಹೌದು."

"ನಾನು ಮುಖಾನೇ ನೋಡ್ಲಿಲ್ಲ ಕಣಯ್ಯ."

"ಟೋಪಿ ದೊಡ್ಡದು."

"ಪಡಿಹಾರ ಅಂದ್ರೆ ಇದೇನಾ?"

"ಇದೇ."

ಈಗ ನಗುತ್ತಾನೆ ಎಂದು ಹಲ್ಲು ಕಚ್ಚಿ ನಿಂತೆ. ನಗಲಿಲ್ಲ. ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಲ್ಲಿಡಬೇಕೆಂದು ತಿಳಿಯಲಿಲ್ಲವೇನೋ, 'ಕೊಡಿ' ಎಂದು ನಾನು ಇಸಿದುಕೊಂಡೆ.

"ಒಳಗೆ ನನ್ನ ಜಾಗಕ್ಕೆ ಬರೋ ಹುಡುಗ ಕೂತಿದಾನೆ. ಎಲ್ರೂ ಅವನ ಪಕ್ಕ ಹೋಗಿ ಫೋಟೋ ತೆಗೆಸ್ಕೊಳ್ತಿದಾರೆ. ನೀನು ಸಾರಿದ್ಯಲ್ಲ, ಅಷ್ಟುದ್ದ, ಅದೆಲ್ಲಾ ಇವತ್ತಿಗೆ ಮುಗೀತು. ಸೋಮವಾರ ಫೋನೆತ್ತಿ ಏನಂತ ಶುರು ಮಾಡ್ಲಿ? ನನಗೆ ಹುದ್ದೆ ಹೇಳ್ದೆ ಮಾತಾಡೋಕೇ ಬರಲ್ಲ ಕಣೋ."

ಷಡ್ಡಕರಿಗೆ ಕೊಡಬೇಕೆಂದು ಕೂಡಿಟ್ಟುಕೊಂಡ ಉತ್ತರಗಳು ನನ್ನ ಬಳಿ ಬಹಳ ಇದ್ದವು. ಒಂದಾದರೂ ಆಡಬಹುದಿತ್ತು. ಗೋಡೆಯ ಮರೆಯಲ್ಲಿ ನಾನು ಬಚ್ಚಿಟ್ಟ ಮೊಣಕಾಲೆತ್ತರದ ಸ್ಟೂಲನ್ನು ಎಳೆದು, "ಕೂತ್ಕೊಳ್ಳಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದೆ. ಕುಳಿತರು. ನಡುವೆ ಒಂದು ಕಾರು ಬಂತು, ಹೋಗಿ ಬಾಗಿಲು ತೆರೆದು ಬಂದೆ. ಇನ್ನೂ ಕುಳಿತಿದ್ದರು. ಅವರ ಹೆಂಡತಿ ಹುಡುಕಿಕೊಂಡು ಬರುವವರೆಗೆ ನಾವಿಬ್ಬರೂ ಬರುವ ಹೋಗುವ ಕಾರುಗಳನ್ನು ನೋಡುತ್ತಿದ್ದೆವು.

ಜುಲೈ 9, ಬುಧವಾರ

ಹಿಮ್ಮಡಿಗೆ ಪಟ್ಟಿ ಬಂತು. ಸ್ವರ್ಗ.

ಷಡ್ಡಕರ ಮನೆಯ ಕೋಣೆಯೂ ಮುಗಿಯಿತಂತೆ. ಭಾನುವಾರ ಅತ್ತೆಯನ್ನು ಕರೆದೊಯ್ಯಲು ಬರುತ್ತಾರೆ. ಆ ಟೈಲ್ಸ್ ನನಗೇನೋ ಸರಿ ಕಾಣುತ್ತಿಲ್ಲ. ನುಣುಪು ಜಾಸ್ತಿ, ವಯಸ್ಸಾದವರು ಜಾರುತ್ತಾರೆ. ಕಿಟಕಿಯೂ ಪಶ್ಚಿಮಕ್ಕಂತೆ, ಮಧ್ಯಾಹ್ನವಿಡೀ ಬಿಸಿಲು. ಗಾರೆಯ ವಾಸನೆ ಹೋಗಲು ಒಂದೆರಡು ತಿಂಗಳಾದರೂ ಬಿಡಬೇಕೆಂದು ಹೆಂಡತಿಗೆ ವಿವರಿಸಿದೆ.

"ಬೇಗ ಮುಗಿಸೋಕೆ ಹೇಳು ಅಂತ ನೀವೇ ತಾನೆ ದಿನಾ ಫೋನ್ ಮಾಡಿಸ್ತಿದ್ದಿದ್ದು?"

ನಾನು ಹೇಳಿದ್ದು ಕೆಲಸದ ಗುಣಮಟ್ಟದ ಬಗ್ಗೆ. ಹೆಂಗಸರಿಗೆ ಕಟ್ಟಡದ ವಿಷಯ ಅರ್ಥವಾಗುವುದಿಲ್ಲ.

ಜುಲೈ 12, ಶನಿವಾರ

ಅತ್ತೆಯ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದೆ.

"ಇಲ್ಲೇ ಇದ್ಬಿಡಿ" ಎಂದೆ, ಹಗ್ಗ ಬಿಗಿಯುತ್ತ. "ನಿಘಂಟಲ್ಲಿ ಇನ್ನೂ 'ಬ' ಶುರುವಾಗಿಲ್ಲ."

ಅವರು ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. "ದೊಡ್ಡೋಳು ಫೋನ್ ಮಾಡಿದ್ಲು. ದೊಡ್ಡ ಅಳಿಯಂದ್ರು ಸೋಮವಾರದಿಂದ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಪ್ಯಾಂಟು ಶರ್ಟು ಹಾಕ್ಕೊಂಡು ಸೋಫಾ ಮೇಲೆ ಕೂರ್ತಾರಂತೆ. ಸಂಜೆವರೆಗೂ. ಮಾತಿಲ್ಲ. ಅವರಿಗೊಂದು ಕೆಲಸ ಬೇಕು ಅಳಿಯಂದ್ರೆ. ನನಗೆ ಓದಿ ಹೇಳೋಕೆ ಒಬ್ರು ಬೇಕು."

"ಅವರಿಗೆ ಶ, ಷ ವ್ಯತ್ಯಾಸನೇ ಗೊತ್ತಿಲ್ಲ!"

"ನಿಮಗೇನು ಗೊತ್ತಿತ್ತು?"

ಸರಿ, ಹೋಗಲಿ. ಕರುಣೆ ನನಗೂ ಇದೆ. ಆದರೆ ಓದುವುದಕ್ಕೂ ಒಂದು ಅಭ್ಯಾಸ ಬೇಕು, ಸೋಫಾದಿಂದ ಎದ್ದು ಬಂದವರಿಗೆಲ್ಲ ಆಗುವುದಿಲ್ಲ.

ಅವರು ಆ ಕಡೆ ತಿರುಗಿದ್ದಾಗ ನಿಘಂಟಿನ ಎರಡನೇ ಸಂಪುಟವನ್ನು ಪೆಟ್ಟಿಗೆಯಿಂದ ತೆಗೆದು ಮಂಚದ ಕೆಳಗೆ ತಳ್ಳಿದೆ. ಕಳ್ಳತನವಲ್ಲ. ಪೆಟ್ಟಿಗೆ ತೀರಾ ಭಾರವಾಗಿತ್ತು.

ಜುಲೈ 13, ಭಾನುವಾರ

ಹೋದರು.

ಜುಲೈ 22, ಮಂಗಳವಾರ

ವಾರದ ರಜೆ. ಮರೆತು ಉಳಿದ ಸಂಪುಟವನ್ನು ತಲುಪಿಸಿ ಬರೋಣವೆಂದು ಹೊರಟೆ. ಎರಡು ಬಸ್ಸು ಬದಲಿಸಬೇಕು. ಪಕ್ಕದಲ್ಲಿ ಕುಳಿತವನು ಏನು ಕೆಲಸ ಎಂದು ಕೇಳಿದ. ಹೋಟೆಲಿನಲ್ಲಿ ಬಾಗಿಲು ಕಾಯುತ್ತೇನೆ ಎಂದೆ. ಅವನು ಲಿಫ್ಟ್ ರಿಪೇರಿಯವನಂತೆ, ಮೊಣಕಾಲು ನೋವು. ಯಾವ ಪಟ್ಟಿ ಕಟ್ಟಿದರೆ ಒಳ್ಳೆಯದು ಎಂಬುದರಲ್ಲಿ ದಾರಿ ಸವೆದದ್ದೇ ತಿಳಿಯಲಿಲ್ಲ. ಇಳಿಯುವ ನಿಲ್ದಾಣ ದಾಟಿ ಮುಂದೆ ಹೋಗಿ, ಸಂಪುಟ ಹೊತ್ತುಕೊಂಡು ಹಿಂದಕ್ಕೆ ನಡೆದೆ. ನಿಘಂಟು ಬರೆದವರಿಗೆ ಹೊರುವವರ ಯೋಚನೆ ಇರುವುದಿಲ್ಲ.

ಷಡ್ಡಕರು ಬಾಗಿಲು ತೆರೆದರು. ಪ್ಯಾಂಟು ಶರ್ಟು ಇರಲಿಲ್ಲ, ಮನೆಯುಡುಪಿನಲ್ಲಿದ್ದರು, ಮೂಗಿನ ಮೇಲೆ ಓದುವ ಕನ್ನಡಕ.

ಒಳಗಿನಿಂದ ಅತ್ತೆ ಕೇಳಿದರು: "ಯಾರು ಬಂದಿರೋದು?"

"ನಾನು" ಎಂದೆ.

"ಬನ್ನಿ ಬನ್ನಿ. ಎರಡನೇ ಸಂಪುಟ ತಂದ್ರಾ?"

"ಅದು ತಪ್ಪಿ ಉಳ್ಕೊಂಡಿತ್ತು."

"ಹೌದು, ಮಂಚದ ಕೆಳಗೆ ತಪ್ಪಿದ ಸದ್ದು ಕೇಳಿಸ್ತು."

ಕೋಣೆ ಚೆನ್ನಾಗಿದೆ. ಟೈಲ್ಸ್ ಅಷ್ಟೇನೂ ಜಾರುವುದಿಲ್ಲ. ಷಡ್ಡಕರು ಓದು ಮುಂದುವರಿಸಿದರು. ಯಾವುದೋ ಹಳೆಯ ಕಥೆ. 'ಶೇಷ' ಎನ್ನುವಲ್ಲಿ ಅವರ ನಾಲಿಗೆ ಎಡವಿ 'ಷೇಶ'ವಾಯಿತು. ನಾನು ಕಿಸಕ್ಕೆಂದೆ.

"ನಗಬೇಡಿ ಅಳಿಯಂದ್ರೆ. ಇವರು ನಿಮಗಿಂತ ಬೇಗ ಕಲೀತಿದಾರೆ."

ಷಡ್ಡಕರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಹುಬ್ಬು ಕುಣಿಸಿದರು. ಆಮೇಲೆ ಗಂಟಲು ಒಣಗಿತೆಂದು ಪುಸ್ತಕ ನನಗೆ ದಾಟಿಸಿದರು. ನಾನು ಓದುತ್ತ ಹೋದೆ. ಅವರು ಎದ್ದುಹೋಗಿ ಮೂವರಿಗೂ ಕಾಫಿ ಮಾಡಿ ತಂದರು. ನೀರು ಸರಬರಾಜಿನವರು ಮಾಡಿದ ಕಾಫಿ, ನೀರಿಗೇನೂ ಕೊರತೆಯಿರಲಿಲ್ಲ. ಕುಡಿದೆವು.

ಹೊರಡುವಾಗ ಅತ್ತೆ ಕೇಳಿದರು: "ಮುಂದಿನ ಮಂಗಳವಾರ ಬರ್ತೀರಾ?"

"ಕೆಲಸ ಇಲ್ಲದಿದ್ರೆ ನೋಡ್ತೀನಿ" ಎಂದೆ.

ಮಂಗಳವಾರ ನನಗೆ ಯಾವತ್ತೂ ಕೆಲಸವಿರುವುದಿಲ್ಲ. ಅದು ಅವರಿಗೂ ಗೊತ್ತು.